ಮೊದಲ ಸಂಬಳಕ್ಕೆ ಮುಂಚೆ

ಪರದೇಶದಲ್ಲಿ ಇಂಗ್ಲಿಷ್ ಮೇಷ್ಟ್ರಾಗಲು ಹೊರಟವರು ಮೊದಲು ವಿಚಾರಿಸುವುದು ವೀಸಾ ಶುಲ್ಕ ಎಷ್ಟೆಂದು. ಅದನ್ನು ಕೇಳಿ ಯಾರೂ ಬೆಚ್ಚಿಬೀಳುವುದಿಲ್ಲ. ಥಾಯ್ಲೆಂಡಿನ ‘ನಾನ್-ಇಮಿಗ್ರಂಟ್ ಬಿ’ ವೀಸಾಕ್ಕೆ, ಒಂದು ಸಲದ ಪ್ರವೇಶಕ್ಕಾದರೆ, 2,000 ಬಾತ್. ಅಲ್ಲಿಯ ಸರ್ಕಾರಿ ಶಾಲೆಯ ವಿದೇಶಿ ಶಿಕ್ಷಕರಿಗೆ ಸಾಮಾನ್ಯವಾಗಿ ತಿಂಗಳಿಗೆ ಮೂವತ್ತು–ನಲವತ್ತು ಸಾವಿರ ಬಾತ್ ಸಂಬಳವಿರುವಾಗ ಇದೇನು ಮಹಾ ಎನಿಸುತ್ತದೆ. ಆದರೆ ಇಲ್ಲಿ ಮೂಗಿಗಿಂತ ಮೂಗುತಿ ಭಾರ. ಶುಲ್ಕಕ್ಕಿಂತ ಅದರ ಸುತ್ತಲಿನ ಖರ್ಚೇ ಹೆಚ್ಚು. ಹಾಗಾಗಿ ಈ ವ್ಯವಸ್ಥೆಗಳ ಯೋಗ್ಯತೆ ತಿಳಿಯಲು ಬೇರೊಂದು ಪ್ರಶ್ನೆ ಕೇಳಬೇಕು: ಊರು ಬಿಟ್ಟ ದಿನದಿಂದ ಮೊದಲ ಸಂಬಳ ಕೈಸೇರುವವರೆಗಿನ ಖರ್ಚು ಯಾರ ತಲೆಯ ಮೇಲೆ? ಕೆಲಸ ಕೆಟ್ಟರೆ ನಷ್ಟ ಯಾರದು? ಥಾಯ್ಲೆಂಡ್, ದಕ್ಷಿಣ ಕೊರಿಯಾ, ಜೊತೆಗೆ ನಮ್ಮ ಭಾರತವನ್ನೂ ಈ ಪ್ರಶ್ನೆಗೆ ಒಡ್ಡಿ ನೋಡಬಹುದು.

ಥಾಯ್ಲೆಂಡಿನಲ್ಲಿ ನಡೆದುಬಂದ ರೂಢಿ ಹೀಗಿದೆ. ಪ್ರವಾಸಿಯಾಗಿ ಇಳಿದು, ಅಲ್ಲೇ ಕೆಲಸ ಹುಡುಕುತ್ತಾರೆ. ಶಾಲೆ ಸಿಕ್ಕ ಮೇಲೆ ಅದರ ಕಾಗದಪತ್ರ ಹಿಡಿದು ಲಾವೋಸಿನ ವಿಯೆಂಟಿಯಾನ್‌ಗೋ ಸವನ್ನಖೇತ್‌ಗೋ ಹೋಗಿ ಬಿ ವೀಸಾ ಮಾಡಿಸಿಕೊಂಡು ಬರುತ್ತಾರೆ. ಬಸ್ಸು, ಲಾಡ್ಜು, ಊಟ ಎಲ್ಲ ಕೈಯಿಂದಲೇ. ಆ ವೀಸಾದ ಆಯುಸ್ಸು ತೊಂಬತ್ತು ದಿನ. ಅಷ್ಟರೊಳಗೆ ವರ್ಷದ ಕೆಲಸದ ಪರವಾನಗಿಗೆ 3,000 ಬಾತ್, ವಾಸ್ತವ್ಯದ ವಿಸ್ತರಣೆಗೆ 1,900 ಬಾತ್ ಕಟ್ಟಬೇಕು. ಊರಲ್ಲಿ ತಂಗಿಯ ಮದುವೆಯೆಂದು ನಾಲ್ಕು ದಿನ ಹೋಗಿಬರಬೇಕಾದರೆ ಮರುಪ್ರವೇಶದ ಪರವಾನಗಿಗೆ ಮತ್ತೆ 1,000. ಅದನ್ನು ಮರೆತು ವಿಮಾನ ಹತ್ತಿದರೆ ವಾಸ್ತವ್ಯದ ಅನುಮತಿಯೇ ರದ್ದಾಗಿ, ಇಡೀ ಓಡಾಟ ಮೊದಲಿಂದ ಶುರು. ಇದರ ಮೇಲೆ ಬಾಡಿಗೆ ಮನೆಯ ಮುಂಗಡ, ತಿಂಗಳ ಕೊನೆಯವರೆಗಿನ ಹೊಟ್ಟೆಪಾಡು. ಒಳ್ಳೆಯ ಶಾಲೆಗಳು ಶುಲ್ಕವನ್ನು ತಾವೇ ಭರಿಸುತ್ತವೆ. ಕೆಲವು ವರ್ಷ ಮುಗಿಯಲಿ ನೋಡೋಣ ಎನ್ನುತ್ತವೆ. ಏಜೆನ್ಸಿ ಮೂಲಕ ಸೇರಿದವರ ಒಪ್ಪಂದ ಎಷ್ಟೋ ಸಲ ಹನ್ನೆರಡು ತಿಂಗಳದ್ದೂ ಇರುವುದಿಲ್ಲ. ಬೇಸಿಗೆ ರಜೆಗೆ ಸಂಬಳವಿಲ್ಲ.

ಬಾಗಿಲು ದಾಟುವುದು ಸುಲಭ ಎಂಬ ಹೆಸರು ಥಾಯ್ಲೆಂಡಿಗಿದೆ. ಎರಡು–ಮೂರು ತಿಂಗಳು ದುಡಿಮೆಯಿಲ್ಲದೆ ಬದುಕಬಲ್ಲವರ ಪಾಲಿಗೆ ಅದು ನಿಜ. ಅಷ್ಟು ಕೈಗಂಟಿಲ್ಲದವರು ಸಾಲ ಮಾಡಿಯೇ ಆ ಹೊಸ್ತಿಲು ದಾಟಬೇಕು. ಅವರು ಪಾಠ ಚೆನ್ನಾಗಿ ಮಾಡುತ್ತಾರೋ ಇಲ್ಲವೋ ಎಂಬುದು ಈ ಜರಡಿಯಲ್ಲಿ ಎಲ್ಲೂ ಬರುವುದಿಲ್ಲ.

ಕೊರಿಯಾದ ಲೆಕ್ಕ ಬೇರೆ. 1995ರಲ್ಲಿ ಶುರುವಾದ ‘ಎಪಿಕ್’ ಯೋಜನೆ ಸರ್ಕಾರಿ ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಶಿಕ್ಷಕರನ್ನು ಕರೆಸುತ್ತದೆ. ಬಾಡಿಗೆಯಿಲ್ಲದ ಮನೆ, ಬಂದಿಳಿದದ್ದಕ್ಕೆ 13 ಲಕ್ಷ ವಾನ್ ಭತ್ಯೆ, ಮನೆ ಹೂಡಲು ಇನ್ನೂ 3 ಲಕ್ಷ, ವರ್ಷ ಪೂರೈಸಿದರೆ ಒಂದು ತಿಂಗಳ ಸಂಬಳ. ವಿಮಾನದ ಟಿಕೆಟ್ಟಿಗೆ ಮೊದಲು ಕೈಯಿಂದ ಹಾಕಬೇಕಾದರೂ ಆ ದುಡ್ಡು ಬೇಗ ತಿರುಗಿ ಬರುತ್ತದೆ. ಖರ್ಚನ್ನು ಕೆಲಸ ಕೊಟ್ಟವರು ಹೊರಬೇಕೆಂಬ ತತ್ವ ಇಲ್ಲಿ ಬಹುಮಟ್ಟಿಗೆ ಆಚರಣೆಗೆ ಬಂದಿದೆ. ಆ ಮಟ್ಟಿಗೆ ಇದು ಥಾಯ್ಲೆಂಡಿಗಿಂತ ಎಷ್ಟೋ ಮೇಲು.

ಆದರೆ ಕೊಟ್ಟ ಕೈ ಹಗ್ಗವನ್ನೂ ಹಿಡಿದಿರುತ್ತದೆ. ಆರು ತಿಂಗಳೊಳಗೆ ಬಿಟ್ಟುಹೋದರೆ ಬಂದ ಭತ್ಯೆಯನ್ನು ಹಿಂದಿರುಗಿಸಬೇಕು. ಈ ಶಿಕ್ಷಕರಿಗೆ ಸಿಗುವ ಇ-2 ವೀಸಾ ಕೆಲಸ ಕೊಟ್ಟವರಿಗೆ ಗಂಟುಹಾಕಿಕೊಂಡಿದೆ. ಒಪ್ಪಂದದ ನಡುವೆ ಬೇರೆ ಕಡೆ ಸೇರಲು ಹಳೆಯ ಮಾಲೀಕನ ಒಪ್ಪಿಗೆ ಪತ್ರ ಬೇಕು. ಸರ್ಕಾರಿ ಶಾಲೆಯಲ್ಲಿ ಇದು ಅಷ್ಟಾಗಿ ಬಾಧಿಸದು. ಹಾಗ್ವಾನ್ ಎಂದು ಕರೆಯುವ ಖಾಸಗಿ ಟ್ಯೂಷನ್ ಸಂಸ್ಥೆಗಳಲ್ಲಿ ಇದರ ಬಿಸಿ ತಟ್ಟುತ್ತದೆ. ವರ್ಷ ತುಂಬಿದರೆ ಒಂದು ತಿಂಗಳ ಸಂಬಳ ಕೊಡುವುದು ಕಾನೂನು. ಅದನ್ನು ತಪ್ಪಿಸಲು ಹನ್ನೊಂದನೆಯ ತಿಂಗಳಲ್ಲಿ ಮನೆಗೆ ಕಳಿಸುತ್ತಾರೆಂಬುದು ಅಲ್ಲಿಯ ವಿದೇಶಿ ಶಿಕ್ಷಕರ ಹಳೆಯ ದೂರು. ಕೆಲಸ ಹೋಯಿತೆಂದರೆ ಮನೆಯೂ ಹೋಯಿತು, ವೀಸಾ ಕೂಡ ತೂಗುಯ್ಯಾಲೆಗೆ ಬಿತ್ತು. ಮೊದಲ ತಿಂಗಳಲ್ಲಿ ಉಳಿದ ದುಡ್ಡನ್ನು ಕೊನೆಯ ತಿಂಗಳಲ್ಲಿ ತೆರಬೇಕಾದೀತು.

ಇನ್ನು ಪಾಸ್‌ಪೋರ್ಟಿನ ವಿಚಾರ. ಇ-2 ಮಾಮೂಲಾಗಿ ಸಿಗುವುದು ಏಳು ದೇಶದವರಿಗೆ ಮಾತ್ರ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಹಾಗ್ವಾನ್ ಸೇರಲು ಇವರಿಗೆ ಯಾವ ವಿಷಯದ ಪದವಿಯಾದರೂ ಸಾಕು, ಭೂಗರ್ಭಶಾಸ್ತ್ರವಾದರೂ ನಡೆಯುತ್ತದೆ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ಭಾರತೀಯರಿಗೂ ಒಂದು ಕಿಂಡಿ ತೆರೆಯಿತು. ಆದರೆ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ ಮಾತ್ರ, ಅದೂ ಪದವಿಯ ಜೊತೆಗೆ ಶಿಕ್ಷಕ ತರಬೇತಿಯ ಅರ್ಹತೆಯಿದ್ದರೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ., ಬಿ.ಎಡ್. ಮುಗಿಸಿ ಹತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳಿಗೆ ಸಿಗುವುದು ಈ ಕಿಂಡಿ. ಡಬ್ಲಿನ್ನಿನಲ್ಲಿ ಮೊನ್ನೆ ಪದವಿ ಪಡೆದ ಹುಡುಗನಿಗೆ ಹೆಬ್ಬಾಗಿಲು. ಏಳು ದೇಶದವರಲ್ಲೂ ಪಂಕ್ತಿಭೇದ ತಪ್ಪಿಲ್ಲ. ಪಿಂಚಣಿಗೆಂದು ಸಂಬಳದಲ್ಲಿ ಮುರಿದುಕೊಂಡ ಹಣ ದೇಶ ಬಿಡುವಾಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಿಗೆ ಇಡಿಗಂಟಾಗಿ ವಾಪಸು ಬರುತ್ತದೆ; ಬ್ರಿಟನ್ನಿನವರಿಗೆ ಬರುವುದಿಲ್ಲ. ದೇಶದೇಶಗಳ ನಡುವಿನ ಕರಾರಿನ ಫಲ ಇದು. ಒಂದೇ ಸ್ಟಾಫ್ ರೂಮಿನಲ್ಲಿ ಕೂತ ಇಬ್ಬರ ಉಳಿತಾಯ ಬೇರೆಬೇರೆ.

ಖರ್ಚೆಲ್ಲ ದುಷ್ಟತನದಿಂದಲೇ ಹುಟ್ಟುವುದಿಲ್ಲ. ಅರ್ಧಕ್ಕರ್ಧ ಬರೀ ಕಚೇರಿಗಳ ಸೋಮಾರಿತನ. ಚೀನಾ ಇದಕ್ಕೆ ಉದಾಹರಣೆ. ಪದವಿ ಪತ್ರ ಅಸಲಿ, ಅರ್ಜಿದಾರನ ಮೇಲೆ ಪೊಲೀಸ್ ಕೇಸಿಲ್ಲ ಎಂದು ತೋರಿಸಲು ಅಲ್ಲಿಗೆ ಹೋಗುವ ಶಿಕ್ಷಕರು ತಮ್ಮ ದೇಶದ ಕಚೇರಿಗಳ ಮೊಹರು ಹಾಕಿಸಿ, ಆಮೇಲೆ ಚೀನೀ ದೂತಾವಾಸದ ಮೊಹರನ್ನೂ ಹಾಕಿಸಬೇಕಿತ್ತು. ಪ್ರತಿ ಮೆಟ್ಟಿಲಿಗೂ ಶುಲ್ಕ, ಕೊರಿಯರ್, ಕಾಯುವಿಕೆ. 2023ರ ನವೆಂಬರ್ 7ರಿಂದ ಚೀನಾದಲ್ಲಿ, ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಅಪೊಸ್ಟಿಲ್ ಒಪ್ಪಂದ ಜಾರಿಗೆ ಬಂದು, ಒಪ್ಪಂದದೊಳಗಿನ ಬಹುತೇಕ ದೇಶದವರಿಗೆ ದೂತಾವಾಸದ ಮೆಟ್ಟಿಲೇ ತಪ್ಪಿತು. ಭಾರತದಲ್ಲಿ 2005ರಿಂದಲೂ ಅಪೊಸ್ಟಿಲ್ ಇದೆ. ವಿದೇಶಾಂಗ ಸಚಿವಾಲಯ ಒಂದು ಕಾಗದಕ್ಕೆ ತೆಗೆದುಕೊಳ್ಳುವುದು 50 ರೂಪಾಯಿ, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್‌ಗೆ 500. ಆದರೂ ಅದಕ್ಕೆ ಮುಂಚೆ ರಾಜ್ಯದ ಮಟ್ಟದಲ್ಲಿ ಪದವಿ ಪತ್ರ ದೃಢೀಕರಿಸುವ ಅಲೆದಾಟವಿದೆಯಲ್ಲ, ಏಜೆಂಟರ ಅಂಗಡಿ ನಡೆಯುವುದೇ ಅದರಿಂದ. 50 ರೂಪಾಯಿಯ ಮುದ್ರೆಗೆ ಸಾವಿರಗಳಲ್ಲಿ ದುಡ್ಡು ಎಣಿಸುವವರು ಶುಲ್ಕಕ್ಕಲ್ಲ, ಅಲೆದಾಟ ತಪ್ಪಿದ್ದಕ್ಕೆ ಎಣಿಸುತ್ತಾರೆ.

ಬೇರೆಯವರ ನಿಯಮ ಟೀಕಿಸುವಾಗ ನಮ್ಮದನ್ನೂ ನೋಡಿಕೊಳ್ಳಬೇಕು. ಭಾರತದ ಉದ್ಯೋಗ ವೀಸಾ ಬೇಕಾದ ವಿದೇಶಿಗೆ ಇಂತಿಷ್ಟು ಸಂಬಳ ಇರಲೇಬೇಕು: ಮೊದಲು ವರ್ಷಕ್ಕೆ 25,000 ಡಾಲರ್ ಎಂದಿತ್ತು, ಆಮೇಲೆ ರೂಪಾಯಿ ಲೆಕ್ಕದಲ್ಲಿ 16.25 ಲಕ್ಷವಾಯಿತು. ತಂತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಭಾಷಾಂತರಕಾರರು, ದೂತಾವಾಸದ ನೌಕರರು, ಭಾಷಾ ಶಿಕ್ಷಕರು ಇದರಿಂದ ಮುಕ್ತರು. ಆದರೆ ಭಾಷಾ ಶಿಕ್ಷಕರಲ್ಲಿ ಇಂಗ್ಲಿಷ್ ಕಲಿಸುವವರನ್ನು ಮಾತ್ರ ನಿಯಮ ಹೆಸರಿಟ್ಟು ಹೊರಗಿಟ್ಟಿದೆ. ಬೆಂಗಳೂರಿನಲ್ಲಿ ಜರ್ಮನ್ ಕಲಿಸಲು ಬಂದವರಿಗಿಲ್ಲದ ಕಟ್ಟು ಇಂಗ್ಲಿಷ್ ಕಲಿಸಲು ಬಂದವರಿಗಿದೆ. ಅವರಿಗೆ ತಿಂಗಳಿಗೆ ಸುಮಾರು 1.35 ಲಕ್ಷವಾದರೂ ಕೊಡಬೇಕು.

ಇದರಲ್ಲಿ ಒಂದು ವಿವೇಕವಿದೆ. ಇಂಗ್ಲಿಷ್ ಮೇಷ್ಟ್ರುಗಳಿಗೆ ಬರವಿಲ್ಲದ ದೇಶ ನಮ್ಮದು. ಅಗ್ಗದ ಬಿಳಿಮುಖ ತಂದು ಶಾಲೆಯ ಜಾಹೀರಾತಿಗೆ ಹಾಕಿಕೊಳ್ಳುವ ಚಪಲಕ್ಕೆ ಇದು ಕಡಿವಾಣ. ಭಾರವನ್ನು ಶಿಕ್ಷಕನ ಬ್ಯಾಂಕ್ ಖಾತೆಯ ಮೇಲೆ ಹೊರಿಸದೆ ಕೆಲಸ ಕೊಡುವವರ ಮೇಲೆ ಹಾಕಿದೆ. ವೀಸಾ ಬೇಕಾದವರಿಗೆ ಯಾವ ದೇಶದ ಪಾಸ್‌ಪೋರ್ಟಾದರೂ ಮಿತಿ ಒಂದೇ. ಆದರೆ ಮಧ್ಯದ ದಾರಿ ಮುಚ್ಚಿಹೋಗಿದೆ. ಒಂದು ತುದಿಯಲ್ಲಿ ಲಕ್ಷಾಂತರ ಫೀಸಿನ ಇಂಟರ್‌ನ್ಯಾಷನಲ್ ಶಾಲೆ, ಇನ್ನೊಂದು ತುದಿಯಲ್ಲಿ ತಿಂಗಳಿಗೆ 10,000 ರೂಪಾಯಿ ಗೌರವಧನದ ಮಿತಿಯೊಳಗೆ ಸ್ವಯಂಸೇವಾ ಸಂಸ್ಥೆಯಲ್ಲಿ ದುಡಿಯುವವರು. ಎರಡನೆಯದು ಮನೆಯಿಂದ ದುಡ್ಡು ತರಬಲ್ಲವರಿಗಷ್ಟೇ ಸಾಧ್ಯ. ರಾಯಚೂರಿನ ಸಾಧಾರಣ ಶಾಲೆಯೊಂದು, ವೀಸಾ ಬೇಕಿಲ್ಲದ ನೇಪಾಳ, ಭೂತಾನ್ ಬಿಟ್ಟು ಬೇರೆ ದೇಶದ ಅನುಭವಿ ಶಿಕ್ಷಕಿಯನ್ನು ಮರ್ಯಾದೆಯ ಸಂಬಳ ಕೊಟ್ಟು ಕರೆಸಿಕೊಳ್ಳುವಂತಿಲ್ಲ.

ಮೂರರಲ್ಲಿ ಒಂದನ್ನು ಆರಿಸಬೇಕಾದರೆ ನನ್ನ ಮತ ಕೊರಿಯಾದ ಸರ್ಕಾರಿ ಶಾಲೆಯ ಪದ್ಧತಿಗೆ, ಎರಡು ತಿದ್ದುಪಡಿಗಳೊಡನೆ. ಒಂದು, ವೀಸಾ ಶಿಕ್ಷಕರ ಹೆಸರಲ್ಲಿರಲಿ. ಮಾಲೀಕ ಕೈಬಿಟ್ಟರೂ ಮೂರು ತಿಂಗಳು ಬೇರೆ ಕೆಲಸ ಹುಡುಕಿಕೊಳ್ಳುವ ಅವಕಾಶ ಕಾನೂನಿನಿಂದಲೇ ಸಿಗಲಿ. ಎರಡು, ಪಾಸ್‌ಪೋರ್ಟ್ ಪಟ್ಟಿಯ ಬದಲು ತರಗತಿಯಲ್ಲಿ ಪಾಠ ಮಾಡಿಸಿ ನೋಡಲಿ. ಎರಡಕ್ಕೂ ಸರ್ಕಾರದ ಬೊಕ್ಕಸದಿಂದ ದೊಡ್ಡ ಮೊತ್ತವೇನೂ ಹೋಗಬೇಕಿಲ್ಲ. ಖರ್ಚು ಕೊಡುವವರಿಗೇ ಆರಿಸುವ ಹಕ್ಕು ಎಂಬುದು ಸರಿ. ಕಟ್ಟಿಹಾಕುವ ಹಕ್ಕು ಅದರ ಜೊತೆಗೆ ಬರಬೇಕಾಗಿಲ್ಲ.