ಒಂದು ಕಂಪ್ಯೂಟರ್, ಐದು ಮೌಸ್

ಕೆಂಟಾರೊ ತೊಯಾಮಾ ಅವರ ‘ಗೀಕ್ ಹೆರೆಸಿ’ (2015) ಪುಸ್ತಕದ ವಾದವನ್ನು ಒಂದೇ ಮಾತಿನಲ್ಲಿ ಹೇಳಬಹುದು: ತಂತ್ರಜ್ಞಾನ ಇರುವುದನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಮನಸ್ಸಿಟ್ಟು ಕಲಿಸುವ ಮೇಷ್ಟ್ರಿರುವ ಶಾಲೆಗೆ ಕಂಪ್ಯೂಟರ್ ಬಂದರೆ ಪಾಠ ಕಳೆಗಟ್ಟುತ್ತದೆ. ಪಾಠವೇ ನಡೆಯದ ಕಡೆ ಅದು ಬೀರು ಸೇರುತ್ತದೆ. ಹೊರಗೆ ನಿಂತು ಆಡಿದ ಮಾತಲ್ಲ ಇದು. 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾ ಶುರು ಮಾಡಿದವರಲ್ಲಿ ತೊಯಾಮಾ ಒಬ್ಬರು. ಬಡವರಿಗಾಗಿ ಹೊಸ ಸಾಧನಗಳನ್ನು ರೂಪಿಸುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದವರು. ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಪುಸ್ತಕದ ಎಚ್ಚರಿಕೆ ನ್ಯಾಯವಾದದ್ದೇ. ಪೆರು ದೇಶ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರೂ ಗಣಿತ, ಭಾಷೆಯ ಅಂಕ ಮೇಲೇರಲಿಲ್ಲ ಎಂಬುದು ಅಧ್ಯಯನದಿಂದ ಗೊತ್ತಾಗಿದೆ. ಟ್ಯಾಬ್ ಖರೀದಿಗೆ ಸಹಿ ಹಾಕುವ ಪ್ರತಿ ಅಧಿಕಾರಿಯೂ ಓದಬೇಕಾದ ಪುಸ್ತಕವಿದು. ಆದರೂ ಅದರ ಸೂತ್ರ ನನಗೆ ಅರ್ಧ ಮಾತ್ರ ಒಪ್ಪಿಗೆ. ಉಳಿದರ್ಧಕ್ಕೆ ಉತ್ತರ ತೊಯಾಮಾ ಅವರ ಹಳೆಯ ಕೆಲಸದಲ್ಲೇ ಇದೆ.

ಆ ಕೆಲಸದ ಹೆಸರು ಮಲ್ಟಿಮೌಸ್. ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್ ಮೊದಲಾದವರ ಜೊತೆ ನಡೆಸಿದ್ದು. ಹಳ್ಳಿ ಶಾಲೆಯಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕೈದು ಮಕ್ಕಳು ಮುತ್ತಿಕೊಂಡಿರುತ್ತಾರೆ, ಮೌಸ್ ಮಾತ್ರ ಜೋರಿನವನೊಬ್ಬನ ಕೈಯಲ್ಲಿರುತ್ತದೆ. ಉಳಿದವರಿಗೆ ನೋಡುವ ಭಾಗ್ಯವಷ್ಟೆ. ಇದನ್ನು ಗಮನಿಸಿದ ತಂಡ ಒಂದೇ ಯಂತ್ರಕ್ಕೆ ಹಲವು ಮೌಸ್ ಜೋಡಿಸಿತು. ಪ್ರತಿ ಮಗುವಿಗೂ ಪರದೆಯ ಮೇಲೆ ತನ್ನದೇ ಬಣ್ಣದ ಕರ್ಸರ್. ಗ್ರಾಮೀಣ ಬಡ ಕುಟುಂಬಗಳ 238 ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸಿ ಹೋಲಿಸಿ ನೋಡಿದರು. ಒಟ್ಟಾರೆ ನೋಡಿದರೆ, ಐದು ಮೌಸ್ ಜೋಡಿಸಿ ಐವರು ಹಂಚಿಕೊಂಡ ಯಂತ್ರದಲ್ಲಿ ಮಕ್ಕಳು ಕಲಿತ ಪದಗಳು, ಒಬ್ಬರಿಗೊಂದು ಯಂತ್ರ ಸಿಕ್ಕವರು ಕಲಿತಷ್ಟೇ ಇದ್ದವು. ಈ ಪ್ರಯೋಗದ ಬಗ್ಗೆ ತಂಡ ಬರೆದ 2007ರ ಪ್ರಬಂಧದಲ್ಲಿ ಎಲ್ಲರೂ ಎತ್ತಿ ಹೇಳುವುದು ಐವರಿಗೆ ಒಂದೇ ಯಂತ್ರ ಸಾಕೆಂಬ ಈ ಉಳಿತಾಯದ ಲೆಕ್ಕವನ್ನು.

ನನ್ನ ಕಣ್ಣು ನಿಲ್ಲುವುದು ಇನ್ನೊಂದು ಕಡೆ. ಹಲವು ಮೌಸ್‌ಗಳ ಯಂತ್ರದಲ್ಲಿ ಪದ ಕಲಿಸುವ ಆಟವನ್ನು ಅವರು ಎರಡು ಬಗೆಯಲ್ಲಿ ಆಡಿಸಿದರು. ಒಂದರಲ್ಲಿ ಯಾರಾದರೂ ಮೊದಲು ಸರಿಯುತ್ತರ ಒತ್ತಿದರೆ ಸಾಕು, ಮುಂದಿನ ಪ್ರಶ್ನೆ ಬರುತ್ತದೆ. ಇನ್ನೊಂದರಲ್ಲಿ ಎಲ್ಲರೂ ಸರಿಯುತ್ತರ ಒತ್ತುವ ತನಕ ಪರದೆ ಕದಲುವುದಿಲ್ಲ. ಮೊದಲನೆಯದರಲ್ಲಿ ಹುಡುಗರು ಓದುವ ಗೋಜಿಗೇ ಹೋಗದೆ ಟಕಟಕನೆ ಒತ್ತತೊಡಗಿದರು, ಅವರ ಕಲಿಕೆ ಕುಸಿಯಿತು. ಎರಡನೆಯದರಲ್ಲಿ ಮುಂದೆ ಹೋಗಬೇಕಾದರೆ ತಿಳಿಯದವನಿಗೆ ತಿಳಿದವನು ಹೇಳಿಕೊಡಲೇಬೇಕು.

ಮಕ್ಕಳು ಅಂಥವರೇ, ಪದಗಳೂ ಯಂತ್ರವೂ ಅವೇ. ಬದಲಾಗಿದ್ದು ಒಂದು ನಿಯಮ. ಹಾಗಿದ್ದಮೇಲೆ ತಂತ್ರಜ್ಞಾನ ಬರೀ ಹಿಗ್ಗಿಸುತ್ತದೆ ಎನ್ನುವುದು ಹೇಗೆ? ಮಕ್ಕಳಲ್ಲಿ ಪೈಪೋಟಿಯೂ ಇದೆ, ಕೂಡಿ ಮಾಡುವ ಗುಣವೂ ಇದೆ. ಎರಡರಲ್ಲಿ ಯಾವುದನ್ನು ಹಿಗ್ಗಿಸಬೇಕೆಂದು ಆರಿಸಿದ್ದು ವಿನ್ಯಾಸ. ಆ ಆಯ್ಕೆ ಮಾಡುವವರ ಹೊಣೆಯನ್ನು ‘ಗೀಕ್ ಹೆರೆಸಿ’ಯ ಸೂತ್ರ ಹಗುರ ಮಾಡಿಬಿಡುತ್ತದೆ. ಆ್ಯಪ್ ಕೆಟ್ಟದಾಗಿದ್ದರೂ ದೋಷವೆಲ್ಲ ಶಾಲೆಯ ತಲೆಗೇ ಬರುತ್ತದೆ. ಇದು ಮೇಷ್ಟ್ರುಗಳಿಗೆ ಆಗುವ ಅನ್ಯಾಯ.

ಅದೇ ಪ್ರಬಂಧದಲ್ಲಿ ಇನ್ನೂ ಒಂದು ಸಂಗತಿ ಇದೆ. ಹುಡುಗಿಯರ ಕಲಿಕೆ ಎಲ್ಲ ವ್ಯವಸ್ಥೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇತ್ತು. ಮೌಸ್ ಕೈಯಲ್ಲಿರಲಿ ಬಿಡಲಿ, ಅವರು ಪದಗಳನ್ನು ಕಲಿತರು. ನೋಡಿಯೇ ಕಲಿಯುವ ಅಭ್ಯಾಸ ಅವರಿಗೆ ಮೊದಲೇ ಆಗಿತ್ತೆ? ಅಥವಾ ಕೈಗೆ ಏನೂ ಸಿಗದ ಹೊತ್ತಿನಲ್ಲೂ ಗಮನ ಬಿಡದಂತೆ ಮನೆಯೇ ಅವರನ್ನು ಪಳಗಿಸಿತ್ತೆ? ಕಲಿಕೆಯ ಸಾಫ್ಟ್‌ವೇರ್ ರೂಪಿಸುವ ಯಾರಾದರೂ ಮುಂದಿನ ಸಂಶೋಧನೆಯನ್ನು ಈ ಹುಡುಗಿಯರಿಂದಲೇ ಶುರು ಮಾಡಬೇಕು ಎಂಬುದು ನನ್ನ ಆಸೆ.