ಸ್ಥಾಪಕರೇ ಬರೆದ ಚರಿತ್ರೆ: ‘ಎ ಹಿಸ್ಟರಿ ಆಫ್ ಹ್ಯಾಸ್ಕೆಲ್’ ಕುರಿತು

ಕಂಪ್ಯೂಟರ್ ಭಾಷೆಗಳಿಗೂ ಚರಿತ್ರೆಯುಂಟು. ಅದನ್ನು ಬಹುಮಟ್ಟಿಗೆ ಅವುಗಳ ನಿರ್ಮಾಪಕರೇ ಬರೆಯುತ್ತ ಬಂದಿದ್ದಾರೆ. ಪಾಲ್ ಹ್ಯೂಡಾಕ್, ಜಾನ್ ಹ್ಯೂಸ್, ಸೈಮನ್ ಪೇಟನ್ ಜೋನ್ಸ್, ಫಿಲಿಪ್ ವಾಡ್ಲರ್ ಎಂಬ ನಾಲ್ವರು 2007ರಲ್ಲಿ ಪ್ರಕಟಿಸಿದ ಈ ಪ್ರಬಂಧವು ಅಂತಹ ಬರಹಗಳಲ್ಲಿ ಉತ್ತಮವಾದುದು. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ನಡೆದ ಸಭೆ, ಭಾಷೆಗೆ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ ಹೆಸರನ್ನಿಟ್ಟ ಪ್ರಸಂಗ, 1990ರ ಏಪ್ರಿಲ್ 1ರಂದು ಹೊರಬಂದ ಮೊದಲ ವರದಿ, ಇವೆಲ್ಲವನ್ನೂ ನಿರೂಪಿಸುವಲ್ಲಿ ಕರ್ತೃಗಳು ತಮ್ಮ ತೊಡಕುಗಳನ್ನು ಮುಚ್ಚಿಟ್ಟಿಲ್ಲ. ನಮ್ಮ ಆಕ್ಷೇಪ ಬೇರೆ. ಜಾವಾ, ಪೈಥಾನ್‌ಗಳಲ್ಲಿ ಉದ್ಯೋಗ ಹೇರಳವಾಗಿರುವಾಗ ಪ್ರೋಗ್ರಾಮರುಗಳು ಕಲಿಯಲು ಕಠಿನವಾದ ಈ ಭಾಷೆಗೆ ಏಕೆ ಒಲಿದರು? ಭಾಷೆ ಹುಟ್ಟಿದ ಬಗೆಯನ್ನು ವಿಸ್ತಾರವಾಗಿ ಹೇಳುವ ಪ್ರಬಂಧವು ಬಳಸಿದವರ ಮಾತನ್ನು ಕೊನೆಯ ಭಾಗಕ್ಕೆ ತಳ್ಳಿಬಿಟ್ಟಿದೆ.

ಸ್ಥಾಪಕರನ್ನು ಒಂದುಗೂಡಿಸಿದ ತತ್ತ್ವ ‘ಆಲಸ್ಯ’. ಎಂದರೆ ಅಗತ್ಯ ಬೀಳುವವರೆಗೆ ಯಾವ ಮೌಲ್ಯವನ್ನೂ ಲೆಕ್ಕಹಾಕದಿರುವ ಕ್ರಮ. ಲೆಕ್ಕ ಯಾವಾಗ ನಡೆಯುವುದೆಂದು ತಿಳಿಯದಿರುವಲ್ಲಿ, ಅದರ ನಡುವೆ ಕಡತಕ್ಕೆ ಬರೆಯುವುದು, ತೆರೆಯ ಮೇಲೆ ಅಕ್ಷರ ಮೂಡಿಸುವುದು ಮುಂತಾದ ಕಾರ್ಯಗಳನ್ನು ಬೆರೆಸಲಾಗದು. ಆದುದರಿಂದ ಫಂಕ್ಷನ್ ಗಣಿತದಲ್ಲಿರುವಂತೆ ‘ಶುದ್ಧ’ವಾಗಿರಬೇಕಾಯಿತು: ಒಂದೇ ಅಂಶವನ್ನು ಕೊಟ್ಟರೆ ಎಂದಿಗೂ ಒಂದೇ ಉತ್ತರ. ಹೊರಜಗತ್ತಿನೊಡನೆ ವ್ಯವಹರಿಸುವುದಕ್ಕೆ ‘ಮೊನಾಡ್’ ಎಂಬ ಯುಕ್ತಿಯು 1996ರ ಆವೃತ್ತಿಯಲ್ಲಿ ನೆಲೆಗೊಂಡಿತು. ಅಂದಿನಿಂದ ಒಂದು ಫಂಕ್ಷನ್ ಹೊರಗಿನದೇನನ್ನಾದರೂ ಮುಟ್ಟುವುದೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಅದರ ‘ಟೈಪ್’ ನೋಡಿದೊಡನೆಯೇ ತಿಳಿಯುತ್ತದೆ. ಮತ್ತೊಬ್ಬರು ಬರೆದಿಟ್ಟ ಸಾವಿರಾರು ಸಾಲುಗಳನ್ನು ತಿದ್ದಬೇಕಾದವನಿಗೆ ಇದು ಎಂತಹ ಆಶ್ವಾಸನೆ! ಕಾಲವೂ ಕರ್ತೃವೂ ತಿಳಿಯದ ದಾಖಲೆಗಳೊಡನೆ ಹೆಣಗುವ ನಾವು ಇದನ್ನು ಬಲ್ಲೆವು. ಒಲವಿನ ಮೂಲವಿರುವುದು ಇಲ್ಲಿ ಎಂಬುದು ನಮ್ಮ ಮತ.

ಆಲಸ್ಯದ ದೊಡ್ಡ ಪ್ರಯೋಜನವೆಂದರೆ ಅದು ತಮ್ಮನ್ನು ಶುದ್ಧತೆಯ ದಾರಿಯಲ್ಲಿ ಹಿಡಿದಿಟ್ಟದ್ದೇ ಎಂದು ಕರ್ತೃಗಳೂ ಒಪ್ಪುತ್ತಾರೆ. ಆದರೆ ಅದನ್ನು ಭಾಷಾರಚನೆಯ ಲಾಭವೆಂದು ಹೇಳುತ್ತಾರೆಯೇ ಹೊರತು, ಬಳಸುವವರ ಒಲವಿಗೆ ಕಾರಣವೆಂದು ಪರೀಕ್ಷಿಸುವುದಿಲ್ಲ. ದೇವಾಲಯ ಕಟ್ಟಿಸಿದವನ ಸಂಕಲ್ಪವನ್ನು ಶಾಸನ ಹೇಳೀತು. ಮುನ್ನೂರು ವರ್ಷಗಳ ತರುವಾಯ ಬರುವ ಯಾತ್ರಿಕನ ಮನಸ್ಸಿಗೆ ಅದು ಸಾಕ್ಷಿಯಾಗದು. 2005ರಲ್ಲಿ ಆಡ್ರಿ ಟ್ಯಾಂಗ್ ಅವರು ಪರ್ಲ್ 6 ಭಾಷೆಯನ್ನು (2019ರಿಂದ ಇದರ ಹೆಸರು ರಾಕು) ನಡೆಸಬಲ್ಲ ‘ಪಗ್ಸ್’ ಎಂಬುದನ್ನು ಹ್ಯಾಸ್ಕೆಲಿನಲ್ಲಿ ರಚಿಸತೊಡಗಿದಾಗ, ಪರ್ಲ್ ಬಲ್ಲ ಹಲವರು ಈ ಕಡೆಗೆ ತಿರುಗಿದರು. ಸ್ಥಾಪಕರ ಸಂಕಲ್ಪದಲ್ಲಿ ಪಾಲಿಲ್ಲದೆ ಬಂದ ಇಂತಹವರೇ ಇಲ್ಲಿ ಮುಖ್ಯ ಸಾಕ್ಷಿಗಳಾಗಬೇಕಿತ್ತು.

ಪ್ರಬಂಧದ ಅನಂತರ ನಡೆದುದನ್ನು ಅದರ ಮೇಲೆ ದೋಷವಾಗಿ ಹೊರಿಸುವುದು ನ್ಯಾಯವಲ್ಲ. ಆದರೂ ಅದನ್ನು ಗಮನಿಸದೆ ವಿಧಿಯಿಲ್ಲ. ಆಲಸ್ಯವಿರುವಲ್ಲಿ ಪ್ರೋಗ್ರಾಮು ಎಷ್ಟು ಮೆಮೊರಿಯನ್ನು ಬಳಸೀತೆಂದು ಮೊದಲೇ ಊಹಿಸುವುದು ಕಷ್ಟ. 2012ರಲ್ಲಿ ಎಲ್ಮ್, 2013ರಲ್ಲಿ ಪ್ಯೂರ್‌ಸ್ಕ್ರಿಪ್ಟ್ ಎಂಬ ಭಾಷೆಗಳು ಬಂದುವು. ಎರಡರ ಕಂಪೈಲರುಗಳೂ ಹ್ಯಾಸ್ಕೆಲಿನಲ್ಲಿಯೇ ರಚಿತವಾದುವು. ಎರಡೂ ಶುದ್ಧತೆಯನ್ನೂ ಟೈಪುಗಳ ಕಟ್ಟುನಿಟ್ಟನ್ನೂ ಉಳಿಸಿಕೊಂಡು, ಆಲಸ್ಯವನ್ನು ಮಾತ್ರ ಕೈಬಿಟ್ಟುವು.