ಹೆಬ್ಬೆರಳಿಗೆ ಒಪ್ಪುವ ಸ್ಥಾನ

ಉಪಕರಣವೊಂದರ ಗುಣದೋಷಗಳನ್ನು ವಿಚಾರಿಸುವಾಗ ಕೈಯ ಸಾಕ್ಷ್ಯಕ್ಕಿಂತ ಕಣ್ಣಿನ ಸಾಕ್ಷ್ಯವನ್ನೇ ಮೊದಲು ಕೇಳುವ ಅಭ್ಯಾಸ ನಮ್ಮಲ್ಲಿ ಆಳವಾಗಿ ಬೇರೂರಿದೆ. ಎರಡು ಅಂಗೈಗಳ ನಡುವೆ ಅಡಗುವ ವಿಡಿಯೋ ಗೇಮಿನ ಕಂಟ್ರೋಲರಿನ ವಿಷಯದಲ್ಲಿಯೂ ಹಾಗೆಯೇ ಆಗಿದೆ. ಸೋನಿಯವರ ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ಹೊರಳಿಸುವ ಎರಡು ಸ್ಟಿಕ್ಕುಗಳು ಕೆಳಭಾಗದಲ್ಲಿ ಸರಿಸಮನಾಗಿ ನಿಂತಿರುವುದನ್ನು ಕಂಡು ಸೌಷ್ಠವವೆಂದು ಮೆಚ್ಚುವವರು ಅನೇಕರು; ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಎಡಗಡೆಯದು ಮೇಲೆ, ಬಲಗಡೆಯದು ಕೆಳಗೆ ಇರುವುದನ್ನು ಕಂಡು ವಕ್ರವೆಂದು ಮುಖ ತಿರುಗಿಸುವವರೂ ಇಲ್ಲದಿಲ್ಲ. ಸೌಂದರ್ಯಕ್ಕೂ ಸೌಖ್ಯಕ್ಕೂ ನಡೆದಿರುವ ಈ ವ್ಯಾಜ್ಯವನ್ನು ತೀರ್ಮಾನಿಸಲು ಬೆಂಗಳೂರಿನ ಸುಂಕದಕಟ್ಟೆಗಿಂತ ಯೋಗ್ಯವಾದ ನ್ಯಾಯಸ್ಥಾನ ದೊರೆಯದೆಂದು ನನಗೆ ತೋರುತ್ತದೆ. ಮಾಗಡಿ ರಸ್ತೆಯಿಂದ ಹೆಗ್ಗನಹಳ್ಳಿಯ ಕಡೆಗೂ ಪೀಣ್ಯದ ಕಡೆಗೂ ಹಬ್ಬಿರುವ ಲೇತ್ ಶೆಡ್ಡುಗಳಲ್ಲಿ, ಗಾರ್ಮೆಂಟ್ಸುಗಳಲ್ಲಿ ಹಗಲೆಲ್ಲ ಕೈಯನ್ನೇ ನಂಬಿ ದುಡಿದ ತರುಣರು ಸಂಜೆ ಗಂಟೆಗಿಷ್ಟೆಂದು ಹಣ ತೆತ್ತು ಗೇಮ್ ಸೆಂಟರಿನ ಕುರ್ಚಿಗಳಲ್ಲಿ ಬಂದು ಕೂರುವರು. ಅವರ ದಣಿದ ಹೆಬ್ಬೆರಳಿಗೆ ಸೌಷ್ಠವದ ಮಾತು ರುಚಿಸುವುದಿಲ್ಲ.

ಅಷ್ಟಕ್ಕೂ ಆ ಸೌಷ್ಠವ ವಿಚಾರಪೂರ್ವಕವಾಗಿ ಹುಟ್ಟಿದ್ದೆ? ಚರಿತ್ರೆಯನ್ನು ನೋಡಿದರೆ ಹಾಗೆನಿಸದು. 1994ರಲ್ಲಿ ಪ್ಲೇಸ್ಟೇಷನ್ ಜಪಾನಿನಲ್ಲಿ ಹೊರಬಂದಾಗ ಅದರ ಕಂಟ್ರೋಲರಿನಲ್ಲಿ ಸ್ಟಿಕ್ಕೇ ಇರಲಿಲ್ಲ. ಎಡ ಹೆಬ್ಬೆರಳು ಸಹಜವಾಗಿ ಚಾಚಿ ನಿಲ್ಲುವ ಮೇಲಿನ ಜಾಗವನ್ನು ದಿಕ್ಕಿನ ಬಟನ್ನುಗಳಿಗೂ, ಬಲಗಡೆಯ ಅಂಥದೇ ಜಾಗವನ್ನು ತ್ರಿಕೋನ, ವೃತ್ತ, ಚೌಕ, ಕತ್ತರಿ ಗುರುತಿನ ಬಟನ್ನುಗಳಿಗೂ ಕೊಟ್ಟಾಗಿತ್ತು. 1996ರಲ್ಲಿ ನಿಂಟೆಂಡೋ 64 ತನ್ನ ಮೂರು ಹಿಡಿಗಳ ಕಂಟ್ರೋಲರಿನ ನಡುವೆ ಒಂದು ಸ್ಟಿಕ್ಕನ್ನು ನಿಲ್ಲಿಸಿ, ಮೂರು ಆಯಾಮದ ಆಟಗಳಿಗೆ ಅದು ಎಷ್ಟು ಅವಶ್ಯವೆಂಬುದನ್ನು ತೋರಿಸಿಕೊಟ್ಟ ಮರುವರ್ಷ ಸೋನಿಯವರೂ ಎರಡು ಸ್ಟಿಕ್ಕುಗಳನ್ನು ಸೇರಿಸಿದರು. ಆದರೆ ಒಳ್ಳೆಯ ಜಾಗಗಳೆಲ್ಲ ಆಗಲೇ ಭರ್ತಿಯಾಗಿದ್ದುದರಿಂದ, ಕಟ್ಟಿ ಮುಗಿದ ಮನೆಯಲ್ಲಿ ಮೆಟ್ಟಿಲ ಕೆಳಗೊಂದು ಬಚ್ಚಲನ್ನು ಹೊಂದಿಸಿದಂತೆ, ಕೆಳಗೆ ಖಾಲಿ ಉಳಿದಿದ್ದ ಮೂಲೆಗಳಲ್ಲಿ ಅವನ್ನು ನೆಲೆಗೊಳಿಸಿದರು. ಅಂಥ ಪೂರ್ವಾರ್ಜಿತದ ಭಾರವಿಲ್ಲದೆ 2001ರಲ್ಲಿ ಈ ವ್ಯಾಪಾರಕ್ಕೆ ಕಾಲಿಟ್ಟ ಮೈಕ್ರೋಸಾಫ್ಟಿನವರೂ, ಅದೇ ವರ್ಷ ಗೇಮ್‌ಕ್ಯೂಬನ್ನು ತಂದ ನಿಂಟೆಂಡೋದವರೂ ಎಡ ಸ್ಟಿಕ್ಕನ್ನು ಮೇಲಿರಿಸಿ ದಿಕ್ಕಿನ ಬಟನ್ನುಗಳನ್ನು ಕೆಳಗಿಳಿಸಿದರು. ಸೋನಿಯವರಾದರೋ 2020ರ ಡ್ಯುಯಲ್‌ಸೆನ್ಸ್ ಕಂಟ್ರೋಲರಿನಲ್ಲಿಯೂ ಹಳೆಯ ಏರ್ಪಾಡನ್ನೇ ಉಳಿಸಿಕೊಂಡರು. ಅಸಂಖ್ಯ ಕೈಗಳು ಒಂದು ಜಾಗಕ್ಕೆ ಒಗ್ಗಿದ ಮೇಲೆ ಅದನ್ನು ಕದಲಿಸುವ ಧೈರ್ಯ ವರ್ತಕನಿಗೆ ಸುಲಭವಾಗಿ ಬಾರದು.

ಉಳಿದ ಬೆರಳುಗಳು ಹಿಡಿಯನ್ನು ಸುತ್ತಿಕೊಂಡಿರುವಾಗ ಹೆಬ್ಬೆರಳು ಸಲೀಸಾಗಿ ತಲಪುವುದು ಮೇಲಿನ ಹೊರಭಾಗವನ್ನು. ಕೆಳಗಿನ ಒಳಮೂಲೆಗೆ ಬರಬೇಕಾದರೆ ಅದು ತನ್ನ ಬುಡದ ಕೀಲಿನಲ್ಲಿ ಅಂಗೈಯತ್ತ ಬಾಗಬೇಕಾಗುತ್ತದೆ. ಕ್ಷಣಕಾಲಕ್ಕೆ ಇದು ಶ್ರಮವೇ ಅಲ್ಲ. ಆದರೆ ಎಡ ಸ್ಟಿಕ್ಕೆಂಬುದು ಆಗಾಗ ಮುಟ್ಟಿ ಬಿಡುವ ಬಟನ್ನಲ್ಲ. ನಡೆ, ಓಟ, ತಿರುವು ಎಲ್ಲವೂ ಅದರಿಂದಲೇ ಆಗಬೇಕಾದುದರಿಂದ ಆಟ ಮುಗಿಯುವವರೆಗೆ ಬೆರಳು ಅಲ್ಲಿಂದ ಏಳುವಂತಿಲ್ಲ. ಸದಾ ಬಳಕೆಯಲ್ಲಿರುವುದಕ್ಕೆ ಕಷ್ಟದ ಜಾಗವನ್ನೂ ಅಪರೂಪಕ್ಕೆ ಬೇಕಾಗುವುದಕ್ಕೆ ಸುಖದ ಜಾಗವನ್ನೂ ಕೊಟ್ಟಿರುವುದು, ನನ್ನ ಮತದಲ್ಲಿ, ಪ್ಲೇಸ್ಟೇಷನ್ ಕಂಟ್ರೋಲರಿನ ಮೂಲದೋಷ.

ಆದರೂ ತೀರ್ಪನ್ನು ಅವಸರದಲ್ಲಿ ಕೊಡುವಂತಿಲ್ಲ. ಇಲ್ಲಿಯ ಸೆಂಟರುಗಳಲ್ಲಿ ನಾನು ಕಂಡಂತೆ ಹೆಚ್ಚಾಗಿ ನಡೆಯುವುದು ಫುಟ್‌ಬಾಲ್ ಮತ್ತು ಕ್ರಿಕೆಟ್. ಇವೆರಡೂ ಪರಸ್ಪರ ವಿರುದ್ಧವಾದ ಸಾಕ್ಷ್ಯವನ್ನು ನುಡಿಯುತ್ತವೆಂಬುದೇ ಸ್ವಾರಸ್ಯ. ಫುಟ್‌ಬಾಲಿನಲ್ಲಿ ಎಡ ಹೆಬ್ಬೆರಳು ಸ್ಟಿಕ್ಕಿನ ಮೇಲೆ, ಬಲ ಹೆಬ್ಬೆರಳು ಬಹುಪಾಲು ಪಾಸ್, ಶಾಟ್ ಬಟನ್ನುಗಳ ಮೇಲೆ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಬಲಗೈ ಮೇಲೆ ನೆಮ್ಮದಿಯಾಗಿದ್ದರೆ ಎಡಗೈ ಮಾತ್ರ ಕೆಳಕ್ಕೆ ಬಾಗಿರಬೇಕು; ಕಣ್ಣಿಗೆ ಸಮವೆನಿಸಿದ್ದು ಕೈಗೆ ವಿಷಮ. ಎಕ್ಸ್‌ಬಾಕ್ಸಿನದು ಕಣ್ಣಿಗೆ ವಿಷಮ, ಕೈಗೆ ಸಮ. ಕ್ರಿಕೆಟ್ಟಿನ ಕಥೆ ಬೇರೆ. ಆಸ್ಟ್ರೇಲಿಯದ ಬಿಗ್ ಆಂಟ್ ಸಂಸ್ಥೆಯವರು 2014ರಲ್ಲಿ ತಂದ ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ರಲ್ಲಿ ಬ್ಯಾಟುಗಾರನ ಪಾದಚಲನೆ ಎಡ ಸ್ಟಿಕ್ಕಿನದು, ಹೊಡೆತ ಬಲ ಸ್ಟಿಕ್ಕಿನದು. ಮುಂಗಾಲಿಟ್ಟು ಕವರ್ ಡ್ರೈವ್ ಮಾಡಬೇಕಾದರೆ ಎರಡು ಹೆಬ್ಬೆರಳುಗಳೂ ಒಟ್ಟಿಗೆ, ಒಂದನ್ನೊಂದು ಅರಿತು ಚಲಿಸಬೇಕು. 2006ರ ‘ಕ್ರಿಕೆಟ್ 07’ರಲ್ಲಿಯೇ ಇಂಥ ಪದ್ಧತಿ ಬಂದಿತ್ತಾದರೂ, ಅದನ್ನು ಕಂಪ್ಯೂಟರಿನ ಕೀಬೋರ್ಡಿನ ಮೇಲೆ ಕಲಿತ ನಮ್ಮ ಹುಡುಗರಿಗೆ ಅದರ ಸವಿ ದೊರೆಯಲಿಲ್ಲ. ಎರಡೂ ಬೆರಳುಗಳು ಒಂದೇ ಭಂಗಿಯಲ್ಲಿರುವುದು ಇಂಥ ಆಟದಲ್ಲಿ ನಿಜವಾದ ಲಾಭ. ಸೋನಿಯವರ ಏರ್ಪಾಡು ಸಮರ್ಥನೀಯವೆನಿಸುವುದು ಇಲ್ಲಿಯೇ.

ಎಕ್ಸ್‌ಬಾಕ್ಸಿನವರ ಪಕ್ಷಪಾತಿಗಳೂ ಒಂದು ಮಾತಿಗೆ ಉತ್ತರ ಹೇಳಬೇಕು: ಅವರ ಬಲ ಸ್ಟಿಕ್ಕು ಇರುವುದೂ ಅದೇ ಕೆಳಮೂಲೆಯಲ್ಲಿ. 2012ರ ವೀ ಯು ಪ್ರೊ ಕಂಟ್ರೋಲರಿನಲ್ಲಿ ನಿಂಟೆಂಡೋದವರು ಎರಡು ಸ್ಟಿಕ್ಕುಗಳನ್ನೂ ಮೇಲೆ ಕೂರಿಸಿದರು. ಆಗ ಬಟನ್ನುಗಳು ಕೆಳಗಿಳಿದು, ಫುಟ್‌ಬಾಲ್ ಆಡುವವನ ಬಲಗೈಗೆ ಹೊಸ ತೊಡಕು ಗಂಟುಬಿತ್ತು. 2015ರ ಎಕ್ಸ್‌ಬಾಕ್ಸ್ ಎಲೀಟ್ ಕಂಟ್ರೋಲರ್ ಹಿಂಬದಿಯಲ್ಲಿ ಪ್ಯಾಡಲುಗಳನ್ನಿರಿಸಿ ಉಳಿದ ಬೆರಳುಗಳಿಗೂ ಕೆಲಸ ಹಂಚಿದ್ದು ಜಾಣತನವೇ, ಆದರೆ ದುಬಾರಿಯ ಜಾಣತನ.

ಸ್ಥಾನವೊಂದೇ ಸೌಖ್ಯವನ್ನು ನಿರ್ಧರಿಸುವುದಿಲ್ಲವೆಂಬುದೂ ನಿಜ. ಸೋನಿಯವರ ಡ್ಯುಯಲ್‌ಶಾಕ್ 3 ಕಂಟ್ರೋಲರಿನ ಸ್ಟಿಕ್ಕಿನ ಉಬ್ಬುತಲೆಯ ಮೇಲೆ, ಶೀಟು ಹೊದಿಸಿದ ಕೋಣೆಯ ಬೇಸಿಗೆಯಲ್ಲಿ, ಬೆವರಿದ ಬೆರಳು ನಿಲ್ಲುತ್ತಿರಲಿಲ್ಲ. 2013ರ ಡ್ಯುಯಲ್‌ಶಾಕ್ 4ರಲ್ಲಿ ಅಂಚೆತ್ತಿದ ತಗ್ಗುತಲೆ ಬಂದು ಆ ಕಷ್ಟ ಕಳೆಯಿತು. “ಅಣ್ಣ, ಪ್ಲೇಯರ್ ತಾನಾಗೇ ಓಡ್ತಾವ್ನೆ, ಬೇರೆ ಕೊಡಣ್ಣ” ಎಂಬ ಹುಡುಗರ ಮೊರೆಯಂತೂ ಯಾವ ಸೆಂಟರಿಗೂ ಹೊಸದಲ್ಲ. ಸ್ಟಿಕ್ಕಿನ ಬುಡದ ಪೊಟೆನ್ಷಿಯೋಮೀಟರಿನಲ್ಲಿ ಲೋಹದ ನಾಲಗೆ ಇಂಗಾಲದ ಪಟ್ಟಿಯ ಮೇಲೆ ಉಜ್ಜಿ ಉಜ್ಜಿ ಸವೆದಾಗ ಡ್ರಿಫ್ಟ್ ಎನ್ನುವ ಈ ದೋಷ ಹುಟ್ಟುತ್ತದೆ. ಬೆರಳು ಅದನ್ನು ಸದಾ ಎದುರು ಒತ್ತಿ ಹಿಡಿಯಬೇಕಾಗುವುದರಿಂದ ಎಷ್ಟು ಒಳ್ಳೆಯ ಜಾಗದ ಸ್ಟಿಕ್ಕೂ ಆಗ ನೋವಿನ ಮೂಲವಾಗುತ್ತದೆ. ಉಜ್ಜಾಟವಿಲ್ಲದೆ ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರನ್ನು ಸೆಗಾದವರು 1998ರ ಡ್ರೀಮ್‌ಕಾಸ್ಟಿನಲ್ಲಿಯೇ ಅಳವಡಿಸಿದ್ದರು. ಇಷ್ಟು ಕಾಲದ ಮೇಲೂ ದೊಡ್ಡ ಕಂಪನಿಗಳು ತಮ್ಮ ಸಾಮಾನ್ಯ ಕಂಟ್ರೋಲರುಗಳಲ್ಲಿ ಅದನ್ನು ಬಳಸದಿರುವುದಕ್ಕೆ ಕ್ಷಮೆಯಿಲ್ಲ.

ಮತ್ತೆ ಸ್ಥಾನದ ಮಾತಿಗೆ ಬಂದರೆ, ಫ್ರಾನ್ಸಿನ ಥ್ರಸ್ಟ್‌ಮಾಸ್ಟರ್ ಕಂಪನಿಯವರು 2019ರಲ್ಲಿ ತಂದ ಈಸ್ವಾಪ್ ಪ್ರೊ ಕಂಟ್ರೋಲರಿನಲ್ಲಿ ಎಡ ಸ್ಟಿಕ್ಕನ್ನೂ ದಿಕ್ಕಿನ ಬಟನ್ನುಗಳನ್ನೂ ಕಿತ್ತು ಸ್ಥಾನಪಲ್ಲಟ ಮಾಡಬಹುದು. ಕ್ರಿಕೆಟ್ಟಿಗೊಂದು ರೀತಿ, ಫುಟ್‌ಬಾಲಿಗೊಂದು ರೀತಿ ಎಂಬ ಆಯ್ಕೆ ಯಂತ್ರಶಾಸ್ತ್ರಕ್ಕೆ ಅಸಾಧ್ಯವಲ್ಲವೆಂಬುದು ಇದರಿಂದ ಸಿದ್ಧವಾಯಿತು. ಅದು ಎಲ್ಲರ ಕೈಗೆಟುಕುವವರೆಗೆ, ಹೊಸ ಕಂಟ್ರೋಲರ್ ಕೊಳ್ಳಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟೆ: ಅಂಗಡಿಯ ಗಾಜಿನಾಚೆಯ ಅಂದಕ್ಕೆ ಮರುಳಾಗದೆ, ನೀವು ಹೆಚ್ಚಾಗಿ ಆಡುವ ಆಟವನ್ನೇ ಹಾಕಿಸಿ, ಹತ್ತು ನಿಮಿಷ ಕೈಯಲ್ಲಿ ಹಿಡಿದು ಆಡಿ, ಆಮೇಲೆ ಹಣ ಕೊಡಿ.